ಅರ್ಧ ಸತ್ತ ಎಂಜಿನ್

ಎಂಜಿನ್ ಪೂರ್ತಿ ನಿಂತುಹೋಗಿದ್ದರೆ ಅವತ್ತು ನನ್ನ ಕೆಲಸ ಸುಲಭವಾಗುತ್ತಿತ್ತು. ಮನೆಯಲ್ಲಿ ಹೀಗಂದರೆ ಯಾರೂ ನಂಬುವುದಿಲ್ಲ. ನಿಂತರೆ ಇಳಿಯಲೇಬೇಕು, ಬೇರೆ ದಾರಿಯಿಲ್ಲ, ಯೋಚನೆಗೆ ಜಾಗವೂ ಇಲ್ಲ. ನನ್ನ ಎಂಜಿನ್ ನಿಲ್ಲಲಿಲ್ಲ. ಇಡೀ ವಿಮಾನವನ್ನು ಅಲುಗಾಡಿಸುತ್ತಾ ಹೇಗೋ ಓಡುತ್ತಿತ್ತು. ಇನ್ನೊಂದು ಸ್ವಲ್ಪ ದೂರ ಹೋಗಬಹುದೇನೋ ಅನ್ನುವ ಆಸೆ ಹುಟ್ಟಿಸುತ್ತಿತ್ತು. ಆ ಆಸೆಯ ಜೊತೆ ಗುದ್ದಾಡಿದ ಕೆಲವು ನಿಮಿಷಗಳ ಕಥೆ ಇದು.

ನಾನು ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ಬಿನ ಸದಸ್ಯ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ರಜೆ ಬಂದರೆ ಕ್ಲಬ್ಬಿನ ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್, ತಲೆಯ ಮೇಲೆ ರೆಕ್ಕೆ. 1955ರಲ್ಲಿ ಮೊದಲು ಹಾರಿದ ಈ ಮಾದರಿ ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಇಷ್ಟು ಸಂಖ್ಯೆಯಲ್ಲಿ ಬೇರೆ ಯಾವ ವಿಮಾನವನ್ನೂ ಮಾಡಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ತಲೆ ಮೇಲೆ ಗುಂಯ್ ಅಂತ ಹೋಗುವ ತರಬೇತಿ ವಿಮಾನಗಳನ್ನು ನೋಡಿದವರಿಗೆ ಇದರ ಗುರುತು ಹತ್ತುತ್ತದೆ.

ಎಂಜಿನ್ ಕೈಕೊಟ್ಟರೆ ವಿಮಾನ ಅಲ್ಲಿಂದಲೇ ದೊಪ್ಪನೆ ಬೀಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಬೀಳುವುದಿಲ್ಲ. ಮೂಗು ಸ್ವಲ್ಪ ತಗ್ಗಿಸಿ ವೇಗವನ್ನು 65 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರಿಗೆ, ಹಿಡಿದರೆ 172 ತೇಲಿಕೊಂಡೇ ಇಳಿಯುತ್ತದೆ. 1,000 ಅಡಿ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಹತ್ತಿರ ಹತ್ತಿರ ಒಂದೂವರೆ ನಾಟಿಕಲ್ ಮೈಲಿ, ಅಂದರೆ ಎರಡೂಮುಕ್ಕಾಲು ಕಿಲೋಮೀಟರ್, ಮುಂದೆ ಸಾಗುತ್ತದೆ. ಪೈಲಟ್‌ಗೆ ಎತ್ತರ ಅನ್ನುವುದು ಬ್ಯಾಂಕಿನಲ್ಲಿಟ್ಟ ದುಡ್ಡು. 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ಇಳಿದದ್ದು ಪೇಪರಿನಲ್ಲಿ ಬಂದಿತ್ತು. ಒಳಗಿದ್ದ ಇಬ್ಬರೂ ಬದುಕಿ ಬಂದರು.

ನನಗೆ ಹಾರಾಟ ಕಲಿಸಿದವರು ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು. ಹಿಂದೆ ಹೊಲಗಳಿಗೆ ಔಷಧಿ ಹೊಡೆಯುವ ವಿಮಾನ ಓಡಿಸುತ್ತಿದ್ದವರು. ಮಾತಾಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ಹೆಚ್ಚು ಕಮ್ಮಿ ಮಾಡುವ ಹಿಡಿ, ಹಿಂದಕ್ಕೆ ಎಳೆದುಬಿಡುತ್ತಿದ್ದರು. "ಎಂಜಿನ್ ಹೋಯ್ತು. ಈಗ ಎಲ್ಲಿ ಇಳಿಸ್ತೀಯಾ?" ಅಷ್ಟೇ. ಮೊದಲು ವೇಗ, ಆಮೇಲೆ ಜಾಗ, ಅದಾದ ಮೇಲೆ ಎಂಜಿನ್ ಏಳುತ್ತದಾ ನೋಡುವುದು, ಕೊನೆಗೆ ರೇಡಿಯೊ. ಈ ಕ್ರಮ ತಪ್ಪಿದರೆ ಬಯ್ಯುತ್ತಿದ್ದರು. ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಹುಡುಕು. ರಸ್ತೆ ಇದ್ದಲ್ಲಿ ಕಂಬ ಇದ್ದೇ ಇರುತ್ತದೆ. ಸಾಲು ಹೊಡೆದ ಹೊಲವಾದರೆ ಸಾಲಿನ ಉದ್ದಕ್ಕೇ ಇಳಿ, ಅಡ್ಡ ಬೇಡ. ಹೀಗೆ. ಇವೆಲ್ಲ ಈಗಲೂ ನನ್ನ ಕಿವಿಯಲ್ಲಿವೆ.

ಆದರೆ ಒಂದು ವಿಷಯ. ಅವರು ಥ್ರಾಟಲ್ ಎಳೆದಾಗಲೆಲ್ಲ ಪೂರ್ತಿ ಎಳೆಯುತ್ತಿದ್ದರು. ಪರೀಕ್ಷೆಯಲ್ಲೂ ಹಾಗೆಯೇ. ಎಲ್ಲಾ ಕಡೆ ಕಲಿಸುವುದು ಸತ್ತ ಎಂಜಿನ್ನಿನ ಪಾಠ. ಅರ್ಧ ಸತ್ತದ್ದರ ಪಾಠ ಬಹಳ ಕಮ್ಮಿ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ 2000ದಿಂದ 2010ರವರೆಗಿನ ಘಟನೆಗಳನ್ನು ಜರಡಿ ಹಿಡಿದು ಒಂದು ವರದಿ ಕೊಟ್ಟಿದೆ. ಒಂಟಿ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಟೇಕಾಫ್ ಹೊತ್ತಿಗೆ ಎಂಜಿನ್ ಪೂರ್ತಿ ಹೋಗುವುದಕ್ಕಿಂತ ಅರ್ಧಂಬರ್ಧ ಹೋಗುವ ಸಾಧ್ಯತೆ ಮೂರು ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ಅದಕ್ಕಿಂತ ಬೆಚ್ಚಿಬೀಳಿಸುವ ಮಾತು ಇನ್ನೊಂದು. ಅರ್ಧ ಶಕ್ತಿ ಹೋದಾಗ ಪೈಲಟ್‌ಗಳು ಮಾಡಿದ್ದರಿಂದ ಆದ ಜೀವ ಹೋದ ಅಪಘಾತಗಳು ಒಂಬತ್ತು. ಮೊದಲೇ ಪೂರ್ತಿ ಕೆಟ್ಟು ನಿಂತ ಎಂಜಿನ್ನಿನಿಂದ ಒಂದೂ ಇಲ್ಲ. ಎಂಜಿನ್ ಸತ್ತವರು ಎದುರಿಗೆ ಸಿಕ್ಕಿದ್ದರಲ್ಲಿ ಇಳಿಸಿದರು. ಅರ್ಧ ಉಳಿದವರಲ್ಲಿ ಕೆಲವರು ರನ್‌ವೇಗೆ ವಾಪಸ್ ತಿರುಗಲು ಹೋದರು. ವೇಗ ಕಳೆದುಕೊಂಡು ತಿರುವಿನಲ್ಲೇ ನೆಲಕ್ಕೆ ಬಿದ್ದರು. ಈ ವರದಿಯನ್ನು ನಾನು ಓದಿದ್ದೆ. ನನ್ನ ಪುಣ್ಯ.

ಅವತ್ತು ಜೂನ್ ಕೊನೆಯ ಭಾನುವಾರ. ಹರಿಹರದ ಹತ್ತಿರದ ಹಳ್ಳಿಯಿಂದ ಅಕ್ಕ, ಭಾವ ಬಂದಿದ್ದರು. ಭಾವ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರು. ಇಲ್ಲಿಯ ಮಾಲು, ಸೇತುವೆ, ಬೀಚು ಯಾವುದಕ್ಕೂ ಅವರು ಅಷ್ಟಾಗಿ ಸೋತಿರಲಿಲ್ಲ. "ಹೊಲ ತೋರ್ಸೋ ಮಾರಾಯ" ಅನ್ನುತ್ತಿದ್ದರು. ಸೆಂಟ್ರಲ್ ವ್ಯಾಲಿ ಅನ್ನುವ ಇಲ್ಲಿಯ ದೊಡ್ಡ ಕಣಿವೆಯ ಹೊಲ ನೋಡಲು ವಿಮಾನಕ್ಕಿಂತ ಒಳ್ಳೆಯ ದಾರಿ ಯಾವುದು? ಅಕ್ಕ ಬರಲ್ಲ ಅಂದಳು. ನಾವಿಬ್ಬರೇ ದಕ್ಷಿಣಕ್ಕೆ ಹ್ಯಾರಿಸ್ ರಾಂಚ್‌ಗೆ ಹೋದೆವು. ಅಲ್ಲಿ ರನ್‌ವೇ ಪಕ್ಕದಲ್ಲೇ ಹೋಟೆಲು. ಸ್ಟೇಕ್‌ಗೆ ಹೆಸರಾದ ಜಾಗ. ಭಾವ ಸುಟ್ಟ ಆಲೂಗೆಡ್ಡೆ ತಿಂದು, ಪೈ ತಿಂದು, "ಇಷ್ಟಕ್ಕೆ ಇಷ್ಟು ದುಡ್ಡಾ?" ಅಂತ ಬಿಲ್ಲನ್ನು ಎರಡು ಸಲ ಓದಿದರು.

ಹೊರಡುವ ಮುಂಚೆ ಟ್ಯಾಂಕಿನ ಕೆಳಗಿನಿಂದ ಸ್ವಲ್ಪ ಪೆಟ್ರೋಲ್ ಬಸಿದು ನೋಡಿದೆ. ಸಣ್ಣ ವಿಮಾನದ 100ಎಲ್‌ಎಲ್ ಪೆಟ್ರೋಲ್ ತಿಳಿ ನೀಲಿ ಬಣ್ಣ. ನೀರಿಲ್ಲ, ಕಸವಿಲ್ಲ. ಆಯಿಲ್ ಸರಿಯಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಎರಡೂ ಮ್ಯಾಗ್ನೆಟೊಗಳ ಪರೀಕ್ಷೆ ಚೊಕ್ಕವಾಗಿತ್ತು. 4,500 ಅಡಿಗೆ ಏರಿ ಉತ್ತರ-ಪಶ್ಚಿಮಕ್ಕೆ ಮುಖ ಮಾಡಿದೆವು. ಎಡಕ್ಕೆ ಹೈವೇ 5, ಅದರಾಚೆ ಒಣಗಿದ ಗುಡ್ಡಗಳು. ಕೆಳಗೆ ಸಿಮೆಂಟು ಹಾಕಿದ ಕ್ಯಾಲಿಫೋರ್ನಿಯಾ ಅಕ್ವಿಡಕ್ಟ್ ಅನ್ನುವ ನಾಲೆ ಹರಿಯುತ್ತಿತ್ತು. ಭಾವ ಅದನ್ನೇ ನೋಡುತ್ತಿದ್ದರು. ತೂಬು ಎಲ್ಲಿದೆ, ಕೊನೆಯ ಹೊಲಕ್ಕೂ ನೀರು ಮುಟ್ಟುತ್ತದಾ, ಅದೇ ಪ್ರಶ್ನೆಗಳು. ನಾಲೆಯ ಕೊನೆ ಭಾಗದ ರೈತರಿಗೆ ನೀರು ಎಲ್ಲಿದ್ದರೂ ಅದೇ ಚಿಂತೆ.

ಶುರುವಾದದ್ದು ಕಾಲಿನಿಂದ. ರಡ್ಡರ್ ಪೆಡಲ್ ಮೇಲಿಟ್ಟ ಪಾದಗಳಿಗೆ ಒಂದು ನಡುಕ ಬಂತು. ಮರುಕ್ಷಣ ಇಡೀ ವಿಮಾನ ಅದುರತೊಡಗಿತು. ಎದುರಿನ ಗಡಿಯಾರಗಳ ಮುಳ್ಳು ಕಾಣುತ್ತಿಲ್ಲ, ಎಲ್ಲ ಮಸುಕು. ಆರ್‌ಪಿಎಂ 2,400ರಲ್ಲಿದ್ದದ್ದು 1,700ರ ಆಸುಪಾಸಿಗೆ ಇಳಿದಿತ್ತು. ಶಬ್ದ ನಿಂತಿರಲಿಲ್ಲ, ಕೆಟ್ಟಿತ್ತು. ಅಷ್ಟೊತ್ತು ಒಂದೇ ಸಮನೆ ಇದ್ದ ಸದ್ದಿನ ನಡುವೆ ಈಗ ಒಂದು ಏಟು ತಪ್ಪುತ್ತಿತ್ತು, ಪ್ರತಿ ಸುತ್ತಿಗೂ.

"ಭಾವ, ಒಂದೈದು ನಿಮಿಷ ಮಾತಾಡಬೇಡಿ. ಎಂಜಿನ್ ಸರಿಯಿಲ್ಲ."

ಅವರು ತಲೆಯಾಡಿಸಿದರು.

ಮೂಗು ತಗ್ಗಿಸಿ 65 ನಾಟ್ ಹಿಡಿದೆ. ಕೈಗಳು ಕಲಿತ ಪಾಠವನ್ನು ತಾವೇ ಮಾಡತೊಡಗಿದವು. ಮೊದಲು ಕಾರ್ಬ್ ಹೀಟ್, ಅಂದರೆ ಕಾರ್ಬುರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿ. ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿದರೆ ಹೀಗೆ ಶಕ್ತಿ ಹೋಗುತ್ತದೆ. ಬೇಸಿಗೆಯಲ್ಲೂ ಆಗಬಹುದು, ಗಾಳಿಯಲ್ಲಿ ತೇವ ಇರಬೇಕಷ್ಟೆ. ಆ ಒಣ ಬಯಲಿನ ಮೇಲೆ ಅದು ಕಾರಣ ಇರಲಾರದು ಅಂತ ಗೊತ್ತಿತ್ತು. ಆದರೂ ಎಳೆದೆ. ಏನೂ ಬದಲಾಗಲಿಲ್ಲ. ಇಂಧನದ ಗುಂಡಿ ಎರಡೂ ಟ್ಯಾಂಕಿಗೆ ಇದೆ. ಪೆಟ್ರೋಲು-ಗಾಳಿ ಹದ ಮಾಡುವ ಮಿಕ್ಸ್ಚರ್ ಹಿಡಿ ಮುಂದಕ್ಕೆ, ಹಿಂದಕ್ಕೆ. ಇಲ್ಲ. ಮ್ಯಾಗ್ನೆಟೊ ಎಡ, ಬಲ. ಎರಡರಲ್ಲೂ ಇನ್ನಷ್ಟು ಕೆಟ್ಟದಾಯಿತು, ವಾಪಸ್ ಎರಡಕ್ಕೂ ಹಾಕಿದೆ. ಅಂದರೆ ಪೆಟ್ರೋಲಿನ ತೊಂದರೆಯಲ್ಲ, ಕಿಡಿಯ ತೊಂದರೆಯೂ ಅಲ್ಲ. ಒಳಗೆ ಯಾವುದೋ ಕಬ್ಬಿಣ ಮುರಿದಿದೆ ಅಥವಾ ಸಿಕ್ಕಿಕೊಂಡಿದೆ. ಅದನ್ನು ಸೀಟಿನಲ್ಲಿ ಕೂತು ಸರಿಮಾಡಲು ಆಗುವುದಿಲ್ಲ. ಆಯಿಲ್ ಒತ್ತಡ ಮಾತ್ರ ಇನ್ನೂ ಹಸಿರು ಗೆರೆಯೊಳಗೇ ಇತ್ತು.

ಈಗ ಲೆಕ್ಕ. ಇದೇ ಈ ಕಥೆಯ ಮುಖ್ಯ ಭಾಗ.

ಹತ್ತಿರದ ಏರ್‌ಪೋರ್ಟ್ ಫೈರ್‌ಬಾ. ಉತ್ತರ-ಪೂರ್ವಕ್ಕೆ ಸುಮಾರು 9 ನಾಟಿಕಲ್ ಮೈಲಿ. ನಮ್ಮ ಕೆಳಗಿನ ನೆಲಕ್ಕೂ ನಮಗೂ ನಡುವೆ 4,200 ಅಡಿ. ಎಂಜಿನ್ ಪೂರ್ತಿ ಸತ್ತಿದ್ದರೆ ತೇಲಿಕೊಂಡು ಆರೂಕಾಲು ಮೈಲಿ. ಫೈರ್‌ಬಾ ಮಾತೇ ಇಲ್ಲ. ಆದರೆ ಈ ಅರ್ಧ ಎಂಜಿನ್ ಇಟ್ಟುಕೊಂಡು ನಿಮಿಷಕ್ಕೆ 300 ಅಡಿಯಷ್ಟೇ ಇಳಿಯುತ್ತಿದ್ದೆವು. 65 ನಾಟ್‌ನಲ್ಲಿ 9 ಮೈಲಿಗೆ ಎಂಟು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಕಳೆಯುವುದು 2,500 ಅಡಿ. ರನ್‌ವೇ ಮೇಲೆ ತಲುಪಿದಾಗ ಕೈಯಲ್ಲಿ ಇನ್ನೂ 1,700 ಅಡಿ. ಕಾಗದದ ಮೇಲೆ ಆರಾಮಾಗಿ ಆಗುತ್ತದೆ. ಡಾಂಬರು ರನ್‌ವೇ, ಪಾರ್ಕಿಂಗ್, ನೆರಳು, ಫೋನ್ ಮಾಡಿದರೆ ಮೆಕ್ಯಾನಿಕ್. ಯಾರಿಗೆ ಬೇಡ?

ಈ ಲೆಕ್ಕದಲ್ಲಿ ಒಂದು ಸಂಖ್ಯೆ ಸುಳ್ಳು. ಆ ನಿಮಿಷಕ್ಕೆ 300 ಅಡಿ ಅನ್ನುವುದು. ಅದು ಎಂಜಿನ್ ಇನ್ನೂ ಎಂಟು ನಿಮಿಷ ಹೀಗೇ ಓಡಿದರೆ ಮಾತ್ರ ನಿಜ. ಓಡುತ್ತದೆ ಅಂತ ಹೇಳುವವರು ಯಾರು? ಕಲ್ಲು ಸಿಕ್ಕಿಕೊಂಡ ಹಿಟ್ಟಿನ ಗಿರಣಿಯ ಹಾಗೆ ಅದುರುತ್ತಿದ್ದ ಯಂತ್ರ ಅದು. ಮುರಿದ ಚೂರು ಇನ್ನೊಂದನ್ನು ಮುರಿಯಬಹುದು, ಆಯಿಲ್ ಪೈಪ್ ಕಿತ್ತುಬರಬಹುದು. ಫೈರ್‌ಬಾ ದಾರಿಯಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಬಾದಾಮಿ ತೋಟ. ನಡುವೆ ದೊಡ್ಡ ಕಾಲುವೆ, ಹೈಟೆನ್ಷನ್ ಗೋಪುರಗಳ ಸಾಲು. ಅಲ್ಲಿ ಎಂಜಿನ್ ನಿಂತರೆ ಮರದ ಮೇಲೆ ಇಳಿಯಬೇಕು. ಇಲ್ಲಿ, ನನ್ನ ಕಾಲ ಕೆಳಗೆ, ಚೌಕ ಚೌಕವಾಗಿ ಬಯಲು ಹೊಲಗಳು.

ಹೈವೇ ಮೇಲೆ ಯಾಕೆ ಇಳಿಸಲಿಲ್ಲ ಅಂತ ಆಮೇಲೆ ಎಲ್ಲರೂ ಕೇಳಿದರು. ಭಾನುವಾರದ ಹೈವೇ 5 ನೋಡಿದವರು ಕೇಳುವುದಿಲ್ಲ. ಲಾರಿಗಳ ಸಾಲು, ಮೇಲ್ಸೇತುವೆಗಳು, ಬೋರ್ಡುಗಳು. ನನ್ನ ತೊಂದರೆಗೆ ಸಂಬಂಧವೇ ಇಲ್ಲದ ಕುಟುಂಬದ ಕಾರಿನ ಮೇಲೆ ಇಳಿಯುವ ಹಕ್ಕು ನನಗಿಲ್ಲ.

ಹೀಗಾಗಿ ತೀರ್ಮಾನ: ಈ ಎಂಜಿನ್ ಸತ್ತಿದೆ ಅಂತಲೇ ತಿಳಿಯುವುದು. ಓಡುವಷ್ಟು ಓಡಲಿ, ಲೆಕ್ಕಕ್ಕಿಲ್ಲ. ಯೋಚನೆ ಮಾಡಿದ್ದು ಬಹಳ ಹೊತ್ತೇನಲ್ಲ, ಬರೆಯಲು ಹಿಡಿದಷ್ಟಂತೂ ಅಲ್ಲ. ರೇಡಿಯೊದಲ್ಲಿ ಮೇಡೇ, ಅಂದರೆ ಅಪಾಯದ ಕರೆ, ಹೇಳಿದೆ. ರಾಡಾರ್ ನೋಡುತ್ತಿದ್ದ ಕಂಟ್ರೋಲರ್ ತಕ್ಷಣ ಫೈರ್‌ಬಾ ದಿಕ್ಕು, ದೂರ ಹೇಳಿದ. ಅವನ ಕೆಲಸ ಅದು. ಆಗಲ್ಲ, ಹೊಲದಲ್ಲಿ ಇಳಿಸ್ತೀನಿ ಅಂದೆ. ಒಳಗೆ ಎಷ್ಟು ಜನ, ಪೆಟ್ರೋಲ್ ಎಷ್ಟಿದೆ ಕೇಳಿದ. ಹೇಳಿದೆ. ಆಮೇಲೆ ಅವನು ಸುಮ್ಮನಾದ. ಅದು ಅವತ್ತು ನನಗೆ ಸಿಕ್ಕ ದೊಡ್ಡ ಉಪಕಾರ.

ಕಣ್ಣಿಗೆ ಮೊದಲು ಬಿದ್ದದ್ದು ಒಂದು ದೊಡ್ಡ ಹಸಿರು ಹೊಲ. ಆಲ್ಫಾಲ್ಫಾ, ಅಂದರೆ ನಮ್ಮ ಹೈನುಗಾರರು ಹಸುವಿಗೆ ಹಾಕುವ ಲೂಸರ್ನ್. ಮೋಟು ಸೊಪ್ಪು, ಸಮತಟ್ಟು, ಅಗಲ. ಪುಸ್ತಕದಲ್ಲಿ ಹೇಳಿದ ಹಾಗೆಯೇ ಇತ್ತು. ಅದರ ಮೇಲೆ ಬಲಕ್ಕೆ ವಾಲಿಸಿ ಸುತ್ತತೊಡಗಿದೆ. ಭಾವನ ಕಿಟಕಿಯ ಕೆಳಗೇ ಹೊಲ. ಮಾತಾಡಬೇಡಿ ಅಂದಿದ್ದೆನಲ್ಲ, ಅವರು ನನ್ನ ತೋಳು ಮುಟ್ಟಿದರು.

"ಅದ್ರಾಗೆ ಇಳಿಸ್ತೀಯೇನು?"

"ಹೂಂ ಭಾವ."

"ಬ್ಯಾಡ. ನೀರು ಬಿಟ್ಟಾರೆ. ಸೊಪ್ಪಿನ ಸಂದಿಯಾಗೆ ಹೊಳಿತೈತಿ ನೋಡು. ಕಾಲು ಇಟ್ರೆ ಮೊಣಕಾಲ ಮಟ ಹೋಗ್ತೈತಿ."

ಇನ್ನೊಂದು ಸುತ್ತಿನಲ್ಲಿ ನನಗೂ ಕಂಡಿತು. ಎಲೆಗಳ ನಡುವೆ ಒಂದು ಕ್ಷಣ ಬಿಸಿಲು ಮಿಂಚಿ ಮಾಯವಾಯಿತು. ಮುಕ್ಕಾಲು ಹೊಲಕ್ಕೆ ನೀರು ಹಾಯಿಸಿದ್ದರು. 172ಕ್ಕೆ ಮುಂದಿನ ಚಕ್ರ ಮೂಗಿನ ಕೆಳಗಿದೆ. ಕೆಸರಿನಲ್ಲಿ ಅದು ಹೂತರೆ ವಿಮಾನ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಭಾವ ಅಷ್ಟಕ್ಕೇ ಬಿಡಲಿಲ್ಲ. ಆಚೆ ಬದಿಗೆ ಬೆರಳು ತೋರಿಸಿದರು. "ಅಲ್ನೋಡು, ಕೊಯ್ದು ಬಿಟ್ಟಾರೆ. ಗಟ್ಟಿ ನೆಲ." ಗೋಧಿ ಕೊಯ್ದ ಕೂಳೆ ಹೊಲ. ಬಣ್ಣಗೆಟ್ಟ ಹಳದಿ. ನಾನು ಅದನ್ನು ಒಣ ಬಂಜರು ಅಂತ ಬಿಟ್ಟುಬಿಡುತ್ತಿದ್ದೆನೇನೋ. ಉತ್ತರ-ದಕ್ಷಿಣಕ್ಕೆ ಉದ್ದ, ಅರ್ಧ ಮೈಲಿಯಷ್ಟು. ನೀರು ಕಟ್ಟುವ ಬದುಗಳೂ ಅದೇ ದಿಕ್ಕಿಗೆ. ದೂರದಲ್ಲಿ ಒಂದು ಟ್ರ್ಯಾಕ್ಟರ್ ನೆಲ ಹದ ಮಾಡುತ್ತಿತ್ತು. ಅದರ ಧೂಳು ದಕ್ಷಿಣ-ಪೂರ್ವಕ್ಕೆ ಹಾರುತ್ತಿತ್ತು. ಗಾಳಿ ಉತ್ತರ-ಪಶ್ಚಿಮದಿಂದ, ಆ ಕಣಿವೆಯ ಬೇಸಿಗೆ ಗಾಳಿ. ಅಂದರೆ ಉತ್ತರಕ್ಕೆ ಮುಖ ಮಾಡಿ ಇಳಿಯಬೇಕು.

ಎದುರು ಗಾಳಿಗೆ ಇಳಿಯಿರಿ ಅಂತ ಅಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎದುರು ಗಾಳಿ ಇದ್ದಷ್ಟೂ ನೆಲಕ್ಕೆ ತಾಗುವ ವೇಗ ಕಮ್ಮಿ. ಹೊಡೆತದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 50 ಮೈಲಿ ವೇಗದಲ್ಲಿರುವ ವಿಮಾನವನ್ನು ದೇಹ ತಡೆಯಬಲ್ಲ 9 ಜಿ ಬಲದಲ್ಲಿ, ಅಂದರೆ ನಮ್ಮ ತೂಕದ ಒಂಬತ್ತು ಪಟ್ಟು ಬಲದಲ್ಲಿ, ನಿಲ್ಲಿಸಲು 9 ಅಡಿ ಚಿಲ್ಲರೆ ಸಾಕು. 100 ಮೈಲಿ ವೇಗವಾದರೆ 37 ಅಡಿ ಬೇಕು. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ನೆಲಕ್ಕೆ ತಾಗುವಾಗ ವಿಮಾನ ನನ್ನ ಹಿಡಿತದಲ್ಲಿದ್ದು ನಿಧಾನವಾಗಿದ್ದರೆ ರೆಕ್ಕೆ ಮುರಿದರೂ ಜನ ಉಳಿಯುತ್ತಾರೆ. ರೆಕ್ಕೆ ಇನ್ಶೂರೆನ್ಸ್ ಕಂಪನಿಯದು.

ಸುತ್ತುತ್ತಾ ಇಳಿದು ಹೊಲದ ಪಶ್ಚಿಮಕ್ಕೆ ಬಂದೆ. ದಕ್ಷಿಣಕ್ಕೆ ಮುಖ, ಎಡ ಕಿಟಕಿಯಲ್ಲಿ ಹೊಲ. ಇಲ್ಲೇ ಅರ್ಧ ಎಂಜಿನ್ನಿನ ಇನ್ನೊಂದು ಆಟ ಗೊತ್ತಾಗಿದ್ದು. ತೇಲಿ ಇಳಿಯುವ ಅಭ್ಯಾಸವನ್ನೆಲ್ಲ ನಾನು ಥ್ರಾಟಲ್ ಪೂರ್ತಿ ಎಳೆದೇ ಮಾಡಿದ್ದು. ಯಾವ ಎತ್ತರದಲ್ಲಿ ತಿರುಗಿದರೆ ಎಲ್ಲಿಗೆ ತಲುಪುತ್ತೇನೆ ಅನ್ನುವುದು ಕಣ್ಣಿಗೆ ಗೊತ್ತು. ಈಗ ಈ ಅರ್ಧ ಶಕ್ತಿ ವಿಮಾನವನ್ನು ಎತ್ತಿ ಹಿಡಿದಿದೆ, ಇಳಿಯಬೇಕಾದಷ್ಟು ಇಳಿಯುತ್ತಿಲ್ಲ. ಇದೇ ಲೆಕ್ಕದಲ್ಲಿ ತಿರುಗಿದರೆ ಹೊಲ ದಾಟಿ ಆಚೆ ತೋಟಕ್ಕೆ ಹೋಗುತ್ತೇನೆ. ಇನ್ನೂ ದೂರ ಹೋಗಿ ತಿರುಗೋಣ ಅಂದರೆ, ಅಷ್ಟರಲ್ಲಿ ಎಂಜಿನ್ ನಿಂತರೆ ಹೊಲ ಮುಟ್ಟುವುದಿಲ್ಲ.

ಥ್ರಾಟಲ್ ಅನ್ನು ನಾನೇ ಪೂರ್ತಿ ಹಿಂದಕ್ಕೆ ಎಳೆದೆ.

ಅದುರು ಕಮ್ಮಿಯಾಯಿತು. ವಿಮಾನ ನನಗೆ ಗೊತ್ತಿರುವ ರೀತಿಯಲ್ಲಿ ಇಳಿಯತೊಡಗಿತು. ಮನಸ್ಸು ಒಂದು ಹಂತಕ್ಕೆ ಬಂತು. ಈಗ ಇದು ಕಲಿತ ಪಾಠವೇ.

ಎಡಕ್ಕೆ ತಿರುಗಿದಾಗ ಕಂಬಗಳು ಕಂಡವು. ಹೊಲದ ದಕ್ಷಿಣ ಅಂಚಿನ ಮಣ್ಣು ರಸ್ತೆಯ ಪಕ್ಕ, ಮರದ ಕಂಬಗಳ ಸಾಲು, ನಾನು ಬರುವ ದಾರಿಗೆ ಸರಿಯಾಗಿ ಅಡ್ಡ. ತಂತಿ ಕಾಣಲಿಲ್ಲ. ಕಾಣಬೇಕಾಗಿಯೂ ಇಲ್ಲ, ಕಂಬ ಇದ್ದರೆ ತಂತಿ ಇದೆ. ತಗ್ಗಾಗಿ ಬರುವ ಹಾಗಿಲ್ಲ. ಹೊಲದ ಮೊದಲ ಮೂರನೇ ಒಂದು ಭಾಗವನ್ನು ಬಿಟ್ಟೇಬಿಟ್ಟೆ. ಅದರಾಚೆಗೆ ಗುರಿ ಇಟ್ಟು, ಕಂಬಗಳ ಮೇಲಿಂದ ಚೆನ್ನಾಗಿ ಎತ್ತರದಲ್ಲಿ ದಾಟಿದ ಮೇಲೆ ಪೂರ್ತಿ ಫ್ಲ್ಯಾಪ್ ಹಾಕಿದೆ, ಅಂದರೆ ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯ ಹಲಗೆಗಳನ್ನು ಕೆಳಗಿಳಿಸಿದೆ. ಫ್ಲ್ಯಾಪ್ ಬೇಗ ಹಾಕಿದರೆ ವಾಪಸ್ ತೆಗೆಯುವ ಹಾಗಿಲ್ಲ. ತಡವಾಗಿ ಹಾಕಿದರೆ ಏನೂ ನಷ್ಟವಿಲ್ಲ.

"ಭಾವ, ಕನ್ನಡಕ ತೆಗೀರಿ. ಬೆಲ್ಟ್ ಬಿಗಿ ಮಾಡ್ಕೊಳ್ಳಿ. ಬಾಗಿಲ ಹಿಡಿ ಎತ್ತಿ, ತೆರೆದೇ ಇರಲಿ."

ನೆಲಕ್ಕೆ ಬಡಿದಾಗ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಮೊದಲೇ ತೆರೆದಿಡುವುದು. ಗಾಳಿಯ ಸದ್ದು ಒಳಗೆ ನುಗ್ಗಿತು. ಭಾವ ಜಾಕೆಟ್ ಸುತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಹೊಲ ಸೇರುವುದು ಖಾತ್ರಿಯಾದ ಮೇಲೆ ಮಿಕ್ಸ್ಚರ್ ಎಳೆದೆ, ಇಂಧನ ಬಂದ್, ಮ್ಯಾಗ್ನೆಟೊ ಬಂದ್, ಕರೆಂಟಿನ ಮಾಸ್ಟರ್ ಸ್ವಿಚ್ ಬಂದ್. ಫ್ಲ್ಯಾಪ್ ಕರೆಂಟಿನಿಂದ ಓಡುವುದರಿಂದ ಮಾಸ್ಟರ್ ಕೊನೆಗೆ. ಓಡುತ್ತಿದ್ದ ಎಂಜಿನ್ನನ್ನು ಆಕಾಶದಲ್ಲಿ ಕೈಯಾರೆ ನಿಲ್ಲಿಸುವುದು ವಿಚಿತ್ರ ಕೆಲಸ. ಆದರೆ ಬಿಸಿ ಎಂಜಿನ್, ಹರಿದ ಪೈಪು, ಪೆಟ್ರೋಲ್ ಮೂರೂ ಒಂದೇ ಕಡೆ ಸೇರಬಾರದು.

ಹಿಂದಿನ ಎರಡು ಚಕ್ರ ಮೊದಲು ತಾಗಿದವು. ಕೂಳೆಯ ಕಡ್ಡಿಗಳು ಹೊಟ್ಟೆಗೆ ಬಡಿಯುವ ಚಟಪಟ ಸದ್ದು, ಜೋರಾಗಿ. ಸ್ಟೀರಿಂಗನ್ನು ಎದೆಗೆ ಎಳೆದು ಹಿಡಿದು ಮುಂದಿನ ಚಕ್ರವನ್ನು ಸಾಧ್ಯವಾದಷ್ಟು ಹೊತ್ತು ಮೇಲೇ ಇಟ್ಟೆ. ಅದು ಇಳಿದಾಗ ಒಂದು ಕುಲುಕು, ಇನ್ನೊಂದು ಕುಲುಕು. ಬ್ರೇಕ್ ಮುಟ್ಟಲಿಲ್ಲ. 150 ಮೀಟರಿನ ಆಸುಪಾಸಿನಲ್ಲಿ ನಿಂತಿತು. ಹಿಂದಿನಿಂದ ನಮ್ಮದೇ ಧೂಳು ಬಂದು ಮುಚ್ಚಿತು.

ಇಬ್ಬರೂ ಇಳಿದು ಗಾಳಿ ಬರುವ ಕಡೆಗೆ ದೂರ ನಡೆದೆವು. ಭಾವ ಬಗ್ಗಿ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದರು. "ಎರೆ ನೆಲ ಅಲ್ಲ" ಅಂದರು. ಅವರಿಗೆ ಭಯ ಆಗಿರಲಿಲ್ಲವಾ ಅಂತ ಆಮೇಲೆ ಕೇಳಿದೆ. ಆಗಿತ್ತಂತೆ. ಅಕ್ಕನಿಗೆ ಹೇಗೆ ಹೇಳುವುದು ಅನ್ನುವ ಭಯ.

ಆ ಟ್ರ್ಯಾಕ್ಟರಿನವನು ಮೊದಲು ಬಂದ. ಆಮೇಲೆ ಪಿಕಪ್ ಗಾಡಿಯಲ್ಲಿ ಹೊಲದ ಮೇಸ್ತ್ರಿ. ಇಬ್ಬರೂ ಸ್ಪ್ಯಾನಿಶ್ ಮಾತಾಡುವವರು. ಮೇಸ್ತ್ರಿ ತಣ್ಣನೆ ನೀರಿನ ಬಾಟಲಿ ಕೊಟ್ಟ. ಭಾವ ಪಕ್ಕದ ಲೂಸರ್ನ್ ಹೊಲ ತೋರಿಸಿ ಕೈಸನ್ನೆಯಲ್ಲಿ ಏನೋ ಕೇಳಿದರು. ಅವನು ಕೈಸನ್ನೆಯಲ್ಲೇ ಉತ್ತರ ಕೊಟ್ಟ. ನಾನು ಕಂಟ್ರೋಲರ್‌ಗೆ ಫೋನ್ ಹಚ್ಚುವುದರಲ್ಲಿದ್ದೆ. ನೋಡಿದರೆ ಇಬ್ಬರೂ ಬದುವಿನ ಮೇಲೆ ನಿಂತು ನೀರು ತಿರುಗಿಸುವ ಬಗ್ಗೆ ದೊಡ್ಡ ಚರ್ಚೆ ಮಾಡುತ್ತಿದ್ದಾರೆ. ಫೈರ್ ಇಂಜಿನ್, ಶೆರಿಫ್ ಗಾಡಿ ಬಂದವು. ಹೆಸರು, ಲೈಸೆನ್ಸು ಬರೆದುಕೊಂಡರು. ಒಬ್ಬ ಫೋಟೊ ತೆಗೆಸಿಕೊಂಡ.

ಕಾಗದ ಪತ್ರದ ಕಥೆ ನಾನಂದುಕೊಂಡಷ್ಟು ಇರಲಿಲ್ಲ. ಅಮೆರಿಕದ ನಿಯಮದ ಪ್ರಕಾರ ಯಾರಿಗೂ ಗಂಭೀರ ಗಾಯವಾಗದೆ, ಹಾನಿ ಆ ಒಂದು ಎಂಜಿನ್ನಿಗಷ್ಟೇ ಆಗಿದ್ದರೆ ಅದು ಅಪಘಾತದ ಲೆಕ್ಕಕ್ಕೆ ಬರುವುದೇ ಇಲ್ಲ. ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ಫೋನಿನಲ್ಲಿ ವಿವರ ಕೇಳಿದರು, ಸರ್ವಿಸ್ ದಾಖಲೆಗಳನ್ನು ತರಿಸಿಕೊಂಡರು, ಮುಗಿಯಿತು. ರೆಕ್ಕೆ ಬಿಚ್ಚಿ ವಿಮಾನವನ್ನು ಟ್ರೇಲರ್ ಮೇಲೆ ಹೇರಿಕೊಂಡು ಹೋದರು. ಕೂಳೆ ಹೊಲವಾದ್ದರಿಂದ ಬೆಳೆ ನಷ್ಟದ ಮಾತು ಬರಲಿಲ್ಲ.

ಎಂಜಿನ್ ಬಿಚ್ಚಿದಾಗ ಸಿಕ್ಕಿದ್ದು ಇಷ್ಟು. ನಾಲ್ಕು ಸಿಲಿಂಡರಿನಲ್ಲಿ ಒಂದರ ಎಕ್ಸಾಸ್ಟ್ ವಾಲ್ವ್, ಅಂದರೆ ಹೊಗೆ ಹೊರಬಿಡುವ ಮುಚ್ಚಳ, ತನ್ನ ಕೊಳವೆಯೊಳಗೆ ಕಚ್ಚಿಕೊಂಡು ತೆರೆದೇ ಉಳಿದಿತ್ತು. ಅದನ್ನು ದೂಡುವ ಪುಶ್‌ರಾಡ್ ಬಾಗಿತ್ತು. ಮೆಕ್ಯಾನಿಕ್ ಆ ಕಡ್ಡಿಯನ್ನು ಮೇಜಿನ ಮೇಲೆ ಉರುಳಿಸಿ ತೋರಿಸಿದ. ಉರುಳಲಿಲ್ಲ, ತಡವರಿಸಿ ನಿಂತಿತು. ಈ ಪೆಟ್ರೋಲಿನಲ್ಲಿ ಸೀಸ ಇರುತ್ತದೆ. ಅದರ ಜೊತೆಗೆ ಆಯಿಲಿನ ಮಸಿಯೂ ಸೇರಿ ವಾಲ್ವ್ ಕೊಳವೆಯಲ್ಲಿ ಗಟ್ಟಿ ಕಟ್ಟುತ್ತದೆ. ಎಂಜಿನ್ ತಣ್ಣಗಿದ್ದಾಗ ಮೊದಲ ಒಂದೆರಡು ನಿಮಿಷ ಎಡವುತ್ತಾ ಓಡಿ, ಬಿಸಿಯಾದ ಮೇಲೆ ಸರಿಹೋದರೆ ಅದೇ ಮುನ್ಸೂಚನೆ. ಇಲ್ಲಿಯ ಮೆಕ್ಯಾನಿಕ್‌ಗಳು ಅದಕ್ಕೆ ಬೆಳಗಿನ ಸಂಕಟ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ವಿಚಾರಿಸಿದಾಗ ಕ್ಲಬ್ಬಿನಲ್ಲಿ ಬೆಳಿಗ್ಗೆ ಬೇಗ ಹಾರುವ ಇಬ್ಬರು ಅದನ್ನು ಗಮನಿಸಿದ್ದು ಗೊತ್ತಾಯಿತು. ಬಿಸಿಯಾದ ಮೇಲೆ ಸರಿಹೋಯಿತಲ್ಲ ಅಂತ ಎಲ್ಲೂ ಬರೆದಿರಲಿಲ್ಲ.

ಇನ್ನು ಕ್ಲಬ್ಬಿನ ಹಿರಿಯರ ವಾದ. ಉಳಿದ ಮೂರು ಸಿಲಿಂಡರ್ ಚೆನ್ನಾಗಿದ್ದವು, ಒಳಗೆ ಏನೂ ಮುರಿದಿರಲಿಲ್ಲ. "ಫೈರ್‌ಬಾ ತಲುಪ್ತಿದ್ದೆ ನೀನು" ಅಂದರು ಒಬ್ಬರು. ಇರಬಹುದು. ತಲುಪುತ್ತಿದ್ದೆ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಅದು ಗೊತ್ತಾಗಿದ್ದು ಎಂಜಿನ್ ಬಿಚ್ಚಿ ಮೇಜಿನ ಮೇಲಿಟ್ಟ ಮೇಲೆ. ನನ್ನ ಕೈಯಲ್ಲಿ ಸ್ಪಾನರ್ ಇರಲಿಲ್ಲ, 4,200 ಅಡಿ ಇತ್ತು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಏರ್‌ಬಸ್ ವಿಮಾನವೊಂದರ ಎರಡೂ ಎಂಜಿನ್ ಹೋದವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನೂ ಉಳಿಸಿದರು. ಆಮೇಲೆ ಇದೇ ವಾದ ಅಲ್ಲೂ ಎದ್ದಿತ್ತು. ಸಿಮ್ಯುಲೇಟರಿನಲ್ಲಿ ಹಕ್ಕಿ ಬಡಿದ ಕೂಡಲೇ ತಿರುಗಿದ ಪೈಲಟ್‌ಗಳಲ್ಲಿ ಕೆಲವರು ರನ್‌ವೇ ಮುಟ್ಟಿದರು. ಏನಾಯಿತು ಅಂತ ತಿಳಿಯಲು ಮನುಷ್ಯನಿಗೆ ಬೇಕಾದ ಹೊತ್ತು ಅಂತ 35 ಸೆಕೆಂಡ್ ಸೇರಿಸಿದಾಗ ಮುಟ್ಟಲಿಲ್ಲ. ನಾನು ಸಲ್ಲೆನ್‌ಬರ್ಗರ್ ಅಲ್ಲ, ನನ್ನದು ಗೋಧಿ ಹೊಲ. ಆದರೂ ಆ ಹಿರಿಯರಿಗೆ ಈ 35 ಸೆಕೆಂಡಿನ ಕಥೆ ಹೇಳಿದೆ. ಅವರು ಒಪ್ಪಲಿಲ್ಲ. ಈಗಲೂ ಕಾಫಿ ಕುಡಿಯುವಾಗ ಜಗಳ ನಡೆಯುತ್ತಲೇ ಇದೆ.

ಒಂದು ಬದಲಾವಣೆ ಮಾತ್ರ ಜಗಳವಿಲ್ಲದೆ ಆಯಿತು. ಈಗ ಕ್ಲಬ್ಬಿನ ಪ್ರತಿ ವಿಮಾನದಲ್ಲೂ ಒಂದು ಪುಟ್ಟ ನೋಟ್‌ಬುಕ್ ಇದೆ. ದಿನದ ಮೊದಲ ಸ್ಟಾರ್ಟ್ ಹೇಗಿತ್ತು ಅಂತ ಬರೆಯಲೇಬೇಕು. ಹೋದ ತಿಂಗಳು ಯಾರೋ "ಮೊದಲ ನಿಮಿಷ ಎಡವಿತು" ಅಂತ ಬರೆದರು. ವಾಲ್ವ್ ಕೊಳವೆ ಉಜ್ಜಿ ಸರಿಮಾಡುವವರೆಗೆ ವಿಮಾನವನ್ನು ಕಟ್ಟಿಹಾಕಿದರು. ಆ ಶನಿವಾರ ಅದನ್ನು ಬುಕ್ ಮಾಡಿದ್ದವನು ಇಡೀ ದಿನ ಗೊಣಗುತ್ತಿದ್ದ.